ಮಾರಾಟಕ್ಕಿಲ್ಲದ ಬಾಲಲೈಕಾ

ಸೈನಿಕರು ಆಡಳಿತ ಬಿಟ್ಟುಕೊಟ್ಟ ಮರುವರ್ಷ ನಮ್ಮೂರಿನ ರಷ್ಯನ್ ಸಂಘದ ಮನೆಯ ಬೀಗ ತೆಗೆದೆವು. ಐದಾರು ವರ್ಷ ಮುಚ್ಚಿದ್ದ ಕಟ್ಟಡ. ಹೆಂಗಸರೆಲ್ಲ ಸೇರಿ ಮೂರು ದಿನ ನೆಲ ಉಜ್ಜಿದೆವು, ಗಂಡಸರು ಸೂರಿನ ತಗಡು ಬದಲಾಯಿಸಿದರು. ನಾಲ್ಕನೆಯ ದಿನ ಊರಿನ ಹತ್ತು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ನಮ್ಮ ಅಜ್ಜಿಯರ ಕಾಲದ ಕುಣಿತ ಕಲಿಸಲು ಶುರುಮಾಡಿದೆವು. ಅವರ ಉದ್ದ ಲಂಗಗಳನ್ನು ಹೊಲಿದವಳು ನಾನೇ. ಹೊಲಿಗೆ ನನ್ನ ಕಸುಬು. ಹೆಸರು ನೆಲಿದಾ. ಅಜ್ಜ ರಷ್ಯಾದ ವೊರೊನೆಜ್ ಕಡೆಯಿಂದ ಹಡಗು ಹತ್ತಿ ಬಂದು ಈ ಉರುಗ್ವೆ ನದಿಯ ದಂಡೆಯಲ್ಲಿ ಸೂರ್ಯಕಾಂತಿ ಬಿತ್ತಿದವನು. ಮನೆಯಲ್ಲಿ ನಮ್ಮದು ರಷ್ಯನ್, ಮನೆ ದಾಟಿದರೆ ಸ್ಪ್ಯಾನಿಷ್.

ಕುಣಿತಕ್ಕೆ ಹಾಡು ಬರುತ್ತಿದ್ದದ್ದು ಟೇಪ್ ರೆಕಾರ್ಡರಿನಿಂದ. ಮೊದಲ ದಿನವೇ ಹಿಂದಿನ ಬೆಂಚಿನಲ್ಲಿ ಕೂತಿದ್ದ ಎಫೀಮ್ ಚಿಕ್ಕಪ್ಪ ಹಾಡು ಮುಗಿಯುವ ಮುಂಚೆಯೇ ಎದ್ದು ಹೊರಗೆ ಹೋದ. ನಾನು ಹಿಂದೆಯೇ ಹೋದೆ.

"ಏನಾಯ್ತು ಚಿಕ್ಕಪ್ಪ? ಮಕ್ಕಳು ಚೆನ್ನಾಗಿ ಕುಣೀಲಿಲ್ವಾ?"

"ಮಕ್ಕಳದ್ದೇನು ತಪ್ಪಿಲ್ಲ. ಆ ಕೊನೇ ಹುಡುಗಿ ಒಂದು ಹೆಜ್ಜೆ ಹಿಂದೆ ಬಿದ್ಲು, ನೋಡಿದ್ಯಾ? ನುಡಿಸೋನಾಗಿದ್ರೆ ಅವಳ ಕಾಲು ನೋಡಿ ಒಂಚೂರು ನಿಧಾನ ಮಾಡ್ತಿದ್ದ. ಆ ಡಬ್ಬಕ್ಕೆ ಕಣ್ಣಿದ್ಯಾ?"

ಚಿಕ್ಕಪ್ಪನಿಗೆ ಆಗ ಅರವತ್ತೆಂಟು. ಜೇನು ಸಾಕುವುದು ಅವನ ಕೆಲಸ. ಆದರೆ ಊರು ಅವನನ್ನು ಗುರುತಿಸುತ್ತಿದ್ದದ್ದು ಬಾಲಲೈಕಾದಿಂದ. ಮೂರು ಮೂಲೆಯ ಹೊಟ್ಟೆ, ಮೂರು ತಂತಿ, ಉದ್ದ ಕತ್ತು. ಅವನಪ್ಪ, ಅಂದರೆ ನನ್ನ ಅಜ್ಜ, ಹಡಗಿನಲ್ಲಿ ತಂದದ್ದು. ಊರಿನ ಮದುವೆ, ನಾಮಕರಣ, ಸುಗ್ಗಿ ಯಾವುದೂ ಅದಿಲ್ಲದೆ ನಡೆದದ್ದಿಲ್ಲ. ಎಂಬತ್ತನೆಯ ಇಸವಿಯಲ್ಲಿ ಸೈನಿಕರು ಲಾರಿಯಲ್ಲಿ ಬಂದರು. ರಷ್ಯನ್ ಮಾತಾಡುವವರೆಲ್ಲ ಅವರ ಕಣ್ಣಿಗೆ ಪಿತೂರಿಗಾರರು. ಸಂಘದ ಪುಸ್ತಕಗಳನ್ನು ಮೈದಾನದಲ್ಲಿ ರಾಶಿ ಹಾಕಿ ಸುಟ್ಟರು. ಚಿಕ್ಕಪ್ಪನ ಬಾಲಲೈಕಾ ಸೇರಿ ವಾದ್ಯಗಳನ್ನೂ ಬೆಂಕಿಯ ಕಡೆಗೆ ಹೊತ್ತೊಯ್ದರು. ಚಿಕ್ಕಪ್ಪನನ್ನು ಎಪ್ಪತ್ತು ದಿನ ಒಳಗಿಟ್ಟುಕೊಂಡರು. ಹೊರಗೆ ಬಂದವನು ನೇರ ಜೇನುಪೆಟ್ಟಿಗೆಗಳ ಹತ್ತಿರ ಹೋದ.

ಹೇಗಾದರೂ ಸರಿ, ಇವನಿಗೊಂದು ಬಾಲಲೈಕಾ ಹುಡುಕಿಕೊಡಬೇಕು ಎಂದು ನಾನು ಅಂದೇ ನಿರ್ಧಾರ ಮಾಡಿದೆ. ಅದೇನು ಮಹಾ ಕಷ್ಟ ಅಂದುಕೊಂಡಿದ್ದೆ.

ಮೊದಲು ಬಟ್ಟೆ ತರುವ ನೆಪದಲ್ಲಿ ರಾಜಧಾನಿ ಮಾಂಟೆವಿಡಿಯೊಗೆ ಹೋದೆ. ಅಲ್ಲಿ ವಾದ್ಯದ ಅಂಗಡಿಗಳ ಸಾಲೇ ಇದೆ. ಸ್ಪ್ಯಾನಿಷಿನಲ್ಲಿ 'ಬಾಲಾ' ಎಂದರೆ ಬಂದೂಕಿನ ಗುಂಡು. ಮೊದಲನೆಯ ಅಂಗಡಿಯವನು ನನ್ನ ಮಾತು ಅರ್ಧ ಕೇಳಿಸಿಕೊಂಡು ಬಾಗಿಲ ಕಡೆ ನೋಡಿದ.

"ಮೆಲ್ಲಗೆ ಮಾತಾಡಮ್ಮ. ನಾನು ಮಕ್ಕಳೊಂದಿಗ. ಅಂಥದ್ದೆಲ್ಲ ಇಲ್ಲಿ ಸಿಗಲ್ಲ."

"ಗುಂಡಲ್ಲ ಸ್ವಾಮಿ, ವಾದ್ಯ! ತಂತಿ ವಾದ್ಯ!"

"ಹಾಗನ್ನಿ ಮತ್ತೆ. ಗಿಟಾರ್ ಇದೆ, ತೋರಿಸ್ಲಾ?"

ಏಳು ಅಂಗಡಿಯಲ್ಲೂ ಗಿಟಾರೇ. ಎಂಟನೆಯದರಲ್ಲಿ ಒಬ್ಬ ಮುದುಕ ಮಾತ್ರ ನಾನು ಬರೆದು ತೋರಿಸಿದ ಚಿತ್ರ ನೋಡಿ, "ಇದನ್ನ ನಾನು ಒಂದೇ ಸಲ ನೋಡಿದ್ದು, ಸರ್ಕಸ್ಸಲ್ಲಿ. ಕರಡಿ ಕೈಯಲ್ಲಿತ್ತು" ಎಂದ. ಊರಿಗೆ ಬಂದು ಚಿಕ್ಕಪ್ಪನಿಗೆ ಇದನ್ನು ಹೇಳಬಾರದಿತ್ತು. ಹೇಳಿಬಿಟ್ಟೆ. ಅವನು ಒಂದು ವಾರ ಕಂಡಕಂಡವರಿಗೆಲ್ಲ, "ನಂಗಿಂತ ಆ ಕರಡಿ ವಾಸಿ ಕಣಯ್ಯಾ, ಅದರ ಹತ್ರ ಒಂದಿದೆ" ಎನ್ನುತ್ತಾ ತಿರುಗಿದ.

ಆ ಚಳಿಗಾಲದಲ್ಲಿ ರಷ್ಯಾದ ಮೀನು ಹಡಗೊಂದು ಬಂದರಿಗೆ ಬಂದಿದೆ ಎಂದು ಸುದ್ದಿ ಬಂತು. ಈ ಸಲ ಚಿಕ್ಕಪ್ಪನೇ ಹೊರಟ, ನಾನು ಜೊತೆಗೆ. ಅವನು ಮದುವೆಯ ಕೋಟು ಹಾಕಿಕೊಂಡಿದ್ದ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಊರಿನ ಹಿರಿಯರನ್ನು ಬಿಟ್ಟರೆ ರಷ್ಯಾದಿಂದ ಬಂದ ಮನುಷ್ಯನ ಜೊತೆ ಅವನು ಮಾತಾಡಿದ್ದು ಅದೇ ಮೊದಲು. ಹಡಗಿನ ಏಣಿಯ ಬುಡದಲ್ಲಿ ಸಿಗರೇಟು ಸೇದುತ್ತಿದ್ದ ಮೂವರು ನಾವಿಕರು ಅವನ ಹಳೇ ಕಾಲದ ರಷ್ಯನ್ ಕೇಳಿ ಬಾಯಿ ಬಿಟ್ಟುಕೊಂಡು ನಿಂತರು.

"ತಾತಾ, ಇನ್ನೊಂದ್ಸಲ ಹೇಳಿ! ನಮ್ಮ ಮುತ್ತಜ್ಜಿ ಎದ್ದು ಬಂದ ಹಾಗಿದೆ!"

"ನಿಮ್ಮ ಮುತ್ತಜ್ಜಿನೇ ಅನ್ಕೋ. ಹಡಗಲ್ಲಿ ಬಾಲಲೈಕಾ ಇದ್ಯಾ, ಅದು ಹೇಳು."

ಹಡಗಿನಲ್ಲಿ ಎರಡು ಗಿಟಾರ್ ಇದ್ದವು, ಇಟಲಿಯ ಹಾಡಿನ ಕ್ಯಾಸೆಟ್ಟುಗಳಿದ್ದವು. "ಬಾಲಲೈಕಾ ಈಗ ಯಾರು ನುಡಿಸ್ತಾರೆ ತಾತ, ಟೀವೀಲಿ ಬರತ್ತೆ ಅಷ್ಟೆ" ಎಂದ ಒಬ್ಬ. ಹೊರಡುವಾಗ ಹನ್ನೆರಡು ಡಬ್ಬಿ ಮೀನು ಕೊಟ್ಟು ಚಿಕ್ಕಪ್ಪನನ್ನು ತಬ್ಬಿಕೊಂಡರು. ಬಸ್ಸಿನಲ್ಲಿ ಅವನು ಡಬ್ಬಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಸಾಕು ನೆಲಿದಾ. ನೀನೂ ಸುಸ್ತಾದೆ. ಆ ಟೇಪಿನ ಡಬ್ಬಾನೇ ಇರಲಿ."

ಅವನು ಹಾಗೆಂದದ್ದೇ ನನಗೆ ಹಟ ಬಂತು.

ನಮ್ಮ ಸೀಮೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ರೇಡಿಯೊದಲ್ಲಿ ಹಳ್ಳಿಗಳ ಸಂದೇಶ ಓದುತ್ತಾರೆ. ಯಾರ ಕುದುರೆ ತಪ್ಪಿಸಿಕೊಂಡಿತು, ಯಾರ ಮಗು ಹುಟ್ಟಿತು, ಯಾರು ಯಾವ ಬಸ್ಸಿಗೆ ಬರುತ್ತಾರೆ ಎಲ್ಲ ಅದರಲ್ಲೇ. ಊಟಕ್ಕೆ ಕೂತವರು ಯಾರೂ ಅದನ್ನು ಕೇಳದೆ ಇರುವುದಿಲ್ಲ. ನಾನೊಂದು ಚೀಟಿ ಕಳಿಸಿದೆ. ಮರುದಿನ, ಕಳೆದುಹೋದ ಒಂದು ಕಂದು ಕುದುರೆಗೂ ಯಾರದೋ ನಾಮಕರಣಕ್ಕೂ ನಡುವೆ ಉದ್ಘೋಷಕ ಓದಿದ: "ಮೂರು ತಂತಿ, ಮೂರು ಮೂಲೆಯ ಬಾ... ಬಾಬಲೈಕಾ ಎಂಬ ವಾದ್ಯ ಯಾರ ಬಳಿ ಇದ್ದರೂ ತಿಳಿಸಬೇಕು." ಸಂಜೆಯ ಓದಿನಲ್ಲಿ ಅದು 'ಬಲಾಲೈನಾ' ಆಗಿತ್ತು.

ಹದಿನೈದು ದಿನದಲ್ಲಿ ನನ್ನ ಹೊಲಿಗೆಯ ಕೋಣೆ ಸಂತೆಯಾಯಿತು. ಒಬ್ಬ ವಿಧವೆ ಗಂಡನ ಮ್ಯಾಂಡೊಲಿನ್ ತಂದಳು. ಇನ್ನೊಬ್ಬ ಪುಣ್ಯಾತ್ಮ ಚೀಸ್ ಕತ್ತರಿಸುವ ಹಲಗೆಗೆ ಮೂರು ತಂತಿ ಬಿಗಿದುಕೊಂಡು ಬಂದು, "ನೀವು ಹೇಳಿದ್ದು ಇದೇ ತಾನೆ?" ಎಂದ. ನನ್ನ ಗಂಡ ವಾಷಿಂಗ್ಟನ್ ಅದನ್ನು ನೋಡಿ ನಕ್ಕು ನಕ್ಕು ಕೆಮ್ಮು ತರಿಸಿಕೊಂಡ. ಅವನು ದೋಣಿ ಕಟ್ಟುವವನು. ಮರದ ವಿಷಯದಲ್ಲಿ ಮೋಸ ಅವನ ಹತ್ತಿರ ನಡೆಯುವುದಿಲ್ಲ.

ಆಮೇಲೆ ಒಂದು ಕಾಗದ ಬಂತು. ಶಾಲೆಯ ಗೆರೆ ಹಾಳೆ, ದುಂಡು ಅಕ್ಷರ.

"ಮಾನ್ಯರೇ, ನಮ್ಮ ಮನೆಯಲ್ಲಿ ಅಂಥದ್ದೊಂದು ಇದೆ. ಮಾರಾಟಕ್ಕಿಲ್ಲ. ಆದರೆ ಅದರ ಹೆಸರು ನನಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ. ರೇಡಿಯೊದವರು ಮಧ್ಯಾಹ್ನ ಒಂದು ಹೇಳಿದರು, ಸಂಜೆ ಒಂದು ಹೇಳಿದರು. ಸರಿಯಾದ ಹೆಸರು ಯಾವುದು, ದಯವಿಟ್ಟು ತಿಳಿಸಿ. ಇಂತಿ, ಮಾಬೆಲ್ ಬೆಂತಾಂಕುರ್, ಹನ್ನೆರಡು ವರ್ಷ."

ಚಿಕ್ಕಪ್ಪ ಅದನ್ನು ಎರಡು ಸಲ ಓದಿಸಿಕೊಂಡ. "ಹೆಸರು ಕಾಗದದಲ್ಲಿ ಬರೆದ್ರೆ ಉಚ್ಚಾರ ಹೇಗೆ ಗೊತ್ತಾಗತ್ತೆ ಅವಳಿಗೆ? ಹೋಗೇ ಹೇಳಬೇಕು" ಎಂದು ಎದ್ದ. ಒಂದು ಜೇನಿನ ಶೀಸೆ ಚೀಲಕ್ಕೆ ಹಾಕಿಕೊಂಡ.

ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಕಿತ್ತಳೆ ತೋಟಗಳ ನಡುವೆ ಕೂಲಿಯವರ ಮನೆಗಳ ಒಂದು ಸಾಲು. ಬಾಗಿಲು ತೆಗೆದದ್ದು ಹುಡುಗಿಯೇ. ಸಣಕಲು ಮೈ, ಮೊಣಕೈಗೆ ಶಾಯಿ. ಚಿಕ್ಕಪ್ಪ ಹೊಸ್ತಿಲಲ್ಲೇ ನಿಂತು, "ಬಾ-ಲ-ಲೈ-ಕಾ" ಎಂದ.

"ಬಾಲಲೈಕಾ," ಎಂದಳು ಅವಳು. ಇನ್ನೊಮ್ಮೆ ಅಂದಳು. ಆಮೇಲೆ ನಕ್ಕಳು. "ನಾನು ಅದನ್ನ ಮೂಲೆಗಿಟಾರ್ ಅಂತಿದ್ದೆ. ಒಳಗೆ ಬನ್ನಿ, ಅಮ್ಮ ಅಂಗಡಿಗೆ ಹೋಗಿದಾಳೆ, ಅಪ್ಪ ಊಟಕ್ಕೆ ಬರ್ತಾನೆ."

ಅದು ಅವಳ ಮಂಚದ ಮೇಲೆ, ದಿಂಬಿಗೆ ಒರಗಿತ್ತು. ಹುಡುಗಿ ಕೇಳುವ ಮುಂಚೆಯೇ ಎತ್ತಿಕೊಂಡು ನುಡಿಸಲು ಕೂತಳು. ನುಡಿಸಿದ್ದು ನಮ್ಮ ಹಾಡಲ್ಲ. ಈ ನಾಡಿನ ದನಗಾಹಿಗಳು ಗಿಟಾರಿನಲ್ಲಿ ನುಡಿಸುವ ನಿಧಾನದ ಒಂದು ಧಾಟಿ. ಹೆಬ್ಬೆರಳಿನಿಂದ ಒಂದೊಂದೇ ತಂತಿ ಮೀಟುತ್ತಿದ್ದಳು, ಯಾರೂ ಹೇಳಿಕೊಡದೆ ತಾನೇ ಹುಡುಕಿಕೊಂಡ ಬೆರಳುಗಳು. ಅಲ್ಲಲ್ಲಿ ತಡವರಿಸಿದರೂ ತಾಳ ಬಿಡಲಿಲ್ಲ.

ಚಿಕ್ಕಪ್ಪ ನೋಡುತ್ತಿದ್ದದ್ದು ಅವಳ ಬೆರಳನ್ನಲ್ಲ, ವಾದ್ಯದ ಬೆನ್ನನ್ನು. ಬೆನ್ನಿನ ಏಳು ಪಟ್ಟಿಗಳಲ್ಲಿ ಆರು ಹಳದಿ ಮರದವು, ಒಂದು ಕಪ್ಪುಗಂದು. ಹಡಗಿನಲ್ಲಿ ಬರುವಾಗ ಒಂದು ಪಟ್ಟಿ ಸೀಳಿತ್ತಂತೆ. ಅವನಪ್ಪ ಇಲ್ಲಿಗೆ ಬಂದ ಮೇಲೆ ನದಿಯ ದಂಡೆಯ ಮರದಿಂದ ಹೊಸ ಪಟ್ಟಿ ಕೆತ್ತಿ ಕೂರಿಸಿದ್ದ. ನನಗೂ ಅದು ಕಂಡಿತು. ನಾನು ಅವನ ತೋಳು ಹಿಡಿದುಕೊಂಡೆ.

"ಇದು ನಿಂಗೆ ಎಲ್ಲಿ ಸಿಕ್ತು ಪುಟ್ಟಾ?"

"ಅಪ್ಪ ತಂದ. ನಾನು ಆಗ ಆರು ವರ್ಷದೋಳು. ಅಪ್ಪ ಸೈನ್ಯದಲ್ಲಿದ್ದ."

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಅವಳ ಅಪ್ಪ ಬಂದ. ರಾಮೀರೊ ಬೆಂತಾಂಕುರ್. ನಲವತ್ತರ ಆಸುಪಾಸಿನ ಗಟ್ಟಿ ಆಳು, ಕೈ ತುಂಬ ಕಿತ್ತಳೆ ಮುಳ್ಳಿನ ಗೀರು. ನಮ್ಮನ್ನು ನೋಡಿದ, ಮಗಳ ಕೈಯಲ್ಲಿದ್ದದ್ದನ್ನು ನೋಡಿದ, ಟೋಪಿ ತೆಗೆದ.

"ಮಾಬೆಲ್, ಹೊರಗೆ ಹೋಗು."

"ಬೇಡ, ಅವಳಿರಲಿ," ಎಂದ ಚಿಕ್ಕಪ್ಪ. "ನೀನು ಅಲ್ಲಿದ್ಯಾ?"

"ಲಾರಿ ಓಡಿಸಿದ್ದು ನಾನೇ." ಅವನು ನಿಂತೇ ಇದ್ದ. "ಎಲ್ಲಾನೂ ಬೆಂಕಿಗೆ ಹಾಕು ಅಂದ್ರು. ಇದನ್ನ ಎತ್ಕೊಂಡಾಗ ಬೆರಳು ತಂತಿಗೆ ತಾಗಿ ಸದ್ದು ಮಾಡ್ತು. ಹಾಕೋಕೆ ಕೈ ಬರ್ಲಿಲ್ಲ. ಸೀಟಿನ ಕೆಳಗೆ ಬಚ್ಚಿಟ್ಟೆ."

"ಪುಸ್ತಕ ಹಾಕೋಕೆ ಕೈ ಬಂತಾ?"

ಬೆಂತಾಂಕುರ್ ನೆಲ ನೋಡಿದ. "ಬಂತು," ಎಂದ.

ಸುಳ್ಳು ಹೇಳಬಹುದಿತ್ತು ಅವನು. ಪುಸ್ತಕಕ್ಕೂ ಕೈ ಬರಲಿಲ್ಲ, ಯಾರೋ ಕೈ ಹಿಡಿದು ಹಾಕಿಸಿದರು ಎನ್ನಬಹುದಿತ್ತು. ಹೇಳಲಿಲ್ಲ. ಮಾಬೆಲ್ ಅಪ್ಪನ ಮುಖ ಒಮ್ಮೆ, ಚಿಕ್ಕಪ್ಪನ ಮುಖ ಒಮ್ಮೆ ನೋಡಿದಳು. ಎದ್ದು ಹೋಗಿ ಒಂದು ಹಿಟ್ಟಿನ ಚೀಲ ತಂದಳು. ಬಾಲಲೈಕಾವನ್ನು ಅದರೊಳಗಿಟ್ಟು ಬಾಯಿ ಮಡಚಿ ಚಿಕ್ಕಪ್ಪನ ಮುಂದೆ ಹಿಡಿದಳು. ಅಳಲಿಲ್ಲ, ಗದ್ದ ಮಾತ್ರ ಬಿಗಿಯಾಗಿತ್ತು.

"ಒಂದು ಕೇಳ್ಲಾ? ಎರಡು ತಂತಿ ಹರಿದು ಹೋಗಿತ್ತು. ನಾನು ಮೀನಿನ ಗಾಳದ ದಾರ ಹಾಕಿದೆ. ಆ ಎರಡನ್ನೂ ಒಂದೇ ಶ್ರುತಿಗಿಟ್ಟೆ. ಯಾಕೋ ಹಾಗೇ ಇರಬೇಕು ಅನ್ನಿಸ್ತು. ತಪ್ಪಾ?"

ಚಿಕ್ಕಪ್ಪ ಚೀಲದ ಬಾಯಿ ಬಿಚ್ಚಿ ತಂತಿ ಮುಟ್ಟಿದ. ಮೂರನ್ನೂ ಒಂದಾದ ಮೇಲೊಂದು ಮೀಟಿದ. ಮೊದಲ ಎರಡು ಅವಳಿಗಳಂತೆ ಒಂದೇ ದನಿ, ಮೂರನೆಯದು ಮೇಲೆ.

"ನಮ್ಮಪ್ಪ ಅದಕ್ಕೆ ಕುರಿ ಕರುಳಿನ ತಂತಿ ಹಾಕ್ತಿದ್ದ. ಎರಡೂ ಒಂದೇ ಶ್ರುತಿಗೆ," ಎಂದ. "ಯಾರು ಹೇಳಿದ್ರೇ ನಿಂಗೆ, ರಾಕ್ಷಸಿ?"

ಅಲ್ಲೇ ಕೂತು ನುಡಿಸಿದ. ತೋರುಬೆರಳಿನಿಂದ ಮೂರೂ ತಂತಿಗಳನ್ನು ಒಟ್ಟಿಗೆ ಮೇಲೆ ಕೆಳಗೆ ಝಾಡಿಸಿದ. ಮಾಬೆಲ್ ಬೆಚ್ಚಿ ಹಿಂದೆ ಸರಿದಳು. ಅಷ್ಟು ವರ್ಷ ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದ ವಸ್ತುವಿನೊಳಗೆ ಅಷ್ಟು ಸದ್ದು ಇತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಚಿಕ್ಕಪ್ಪನ ಬೆರಳು ಮರೆತಿತ್ತು, ಎರಡು ಕಡೆ ದಾರಿ ತಪ್ಪಿತು. ಅವನು ನಿಲ್ಲಿಸಲಿಲ್ಲ. ಬೆಂತಾಂಕುರ್ ಬಾಗಿಲ ಚೌಕಟ್ಟಿಗೆ ಮುಖ ಮಾಡಿ ನಿಂತಿದ್ದ.

ಬಾಲಲೈಕಾ ನಮ್ಮ ಜೊತೆಯೇ ಊರಿಗೆ ಬಂತು. ಅದು ಅವನದು, ಬರಲೇಬೇಕಿತ್ತು. ಊರಿನವರು ಬಾಗಿಲಲ್ಲಿ ನಿಂತು ನೋಡಿದರು, ಕೆಲವರು ಮುಟ್ಟಿ ನೋಡಿದರು. ಆದರೆ ಚಿಕ್ಕಪ್ಪ ಎರಡು ದಿನ ಅದನ್ನು ಚೀಲದಿಂದ ತೆಗೆಯಲಿಲ್ಲ. ಮೂರನೆಯ ದಿನ ನಮ್ಮ ಅಡುಗೆಮನೆಗೆ ಬಂದು ಕೂತ. ವಾಷಿಂಗ್ಟನ್ ನಮ್ಮ ಸೀಮೆಯ 'ಮಾತೆ' ಎಂಬ ಎಲೆಯ ಕಷಾಯ ಹೀರುತ್ತಿದ್ದ.

"ಆ ಹುಡುಗಿ ಇಲ್ಲಿಗೆ ಬಂದು ಕಲೀಬೇಕು," ಎಂದ ಚಿಕ್ಕಪ್ಪ. "ಕಾಗದ ಹಾಕಿದೀನಿ. ಪ್ರತಿ ಶನಿವಾರ ಬರ್ತಾಳೆ. ಅವಳ ಕೈಗೊಂದು ವಾದ್ಯ ಬೇಕು. ವಾಷಿಂಗ್ಟನ್, ನೀನು ಮಾಡ್ತೀಯ."

ವಾಷಿಂಗ್ಟನ್ ಲೋಟ ಕೆಳಗಿಟ್ಟ. ಅವನ ಅಣ್ಣನನ್ನೂ ಅದೇ ಲಾರಿಯಲ್ಲಿ ಒಯ್ದಿದ್ದರು. ಅಣ್ಣ ಬದುಕಿ ಬಂದ, ಆದರೆ ಊರಿನಲ್ಲಿ ನಿಲ್ಲಲಾರದೆ ಬ್ರೆಜಿಲಿಗೆ ಹೋದ.

"ನಿಂಗೆ ತಲೆ ಕೆಟ್ಟಿದ್ಯಾ ಚಿಕ್ಕಪ್ಪ? ಆ ಲಾರಿ ಓಡಿಸಿದೋನ ಮಗಳಿಗೆ ನಾನು ಕೂತು ಮರ ಕೆತ್ತಬೇಕಾ?"

"ಲಾರಿ ಓಡಿಸಿದ್ದು ಅವಳಲ್ಲವಲ್ಲ."

"ಅದೆಲ್ಲ ನಂಗೊತ್ತಿಲ್ಲ. ಆಗಲ್ಲ ಅಂದ್ರೆ ಆಗಲ್ಲ."

ಚಿಕ್ಕಪ್ಪ ಎದ್ದು ಹೋದ. ನನ್ನೊಳಗೂ ಅರ್ಧ ಗಂಡನ ಕಡೆಗೇ ಇತ್ತು.

ಮಾಬೆಲ್ ಶನಿವಾರದ ಬಸ್ಸಿಗೆ ಬಂದಳು. ಅಪ್ಪ ಜೊತೆಗೆ ಬಂದವನು ಬಸ್ ನಿಲ್ದಾಣ ಬಿಟ್ಟು ಒಂದು ಹೆಜ್ಜೆ ಊರೊಳಗೆ ಇಡಲಿಲ್ಲ. ಅವಳು ಕಲಿತು ವಾಪಸು ಬರುವವರೆಗೆ ಕಲ್ಲಿನ ಬೆಂಚಿನ ಮೇಲೆ ಟೋಪಿ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ಎದುರು ಮನೆಯ ಮುದುಕಿ ಕಿಟಕಿ ಮುಚ್ಚಿದಳು. ಮುಂದಿನ ಶನಿವಾರವೂ ಮುಚ್ಚಿದಳು. ಮೂರನೆಯ ಶನಿವಾರ ಮಳೆ ಬಂತು. ನೆನೆಯುತ್ತಾ ಕೂತವನನ್ನು ನೋಡಲಾರದೆ ಕಿಟಕಿ ತೆಗೆದು, "ಲೋ, ಸೂರಿನ ಕೆಳಗಾದ್ರೂ ಬಂದು ಸಾಯೋ, ನಿಮೋನಿಯಾ ಬಂದ್ರೆ ಮಗಳನ್ನ ಕರ್ಕೊಂಡು ಬರೋರ್ಯಾರು?" ಎಂದು ಬೈದಳು.

ಅದೇ ದಿನ ಮಾಬೆಲ್ ಬಾಲಲೈಕಾ ಹಿಡಿದುಕೊಂಡು ದೋಣಿಯ ಕೊಟ್ಟಿಗೆಗೆ ನುಗ್ಗಿದಳು. ನಾನು ವಾಷಿಂಗ್ಟನ್‌ಗೆ ಊಟ ಕೊಡಲು ಹೋಗಿದ್ದೆ.

"ನೀವು ಮರದೋರಂತೆ. ಎಫೀಮ್ ತಾತನ ಬಾಲಲೈಕಾ ಕತ್ತಿನ ಐದನೇ ಮನೇಲಿ ಬೆರಳಿಟ್ರೆ ಝುಂಯ್ ಅನ್ನತ್ತೆ. ತಾತಂಗೆ ಕಿವಿ ಮಂದ, ಕೇಳ್ಸಲ್ಲ. ಯಾಕೆ ಹಾಗೆ?"

ವಾಷಿಂಗ್ಟನ್ ಅವಳನ್ನು ನೋಡದೆ, "ಕತ್ತು ಬಾಗಿರತ್ತೆ" ಎಂದ.

"ಬಾಗಿಲ್ಲ. ನಾನು ಸ್ಕೇಲ್ ಇಟ್ಟು ನೋಡಿದೀನಿ."

"ಹಾಗಾದ್ರೆ ಒಳಗಿನ ಅಡ್ಡಪಟ್ಟಿ ಬಿಟ್ಟಿರತ್ತೆ."

"ಹೇಗೆ ನೋಡೋದು?"

ಅವನು ಉಳಿ ಕೆಳಗಿಟ್ಟ. ನನ್ನ ಗಂಡನನ್ನು ನಾನು ಬಲ್ಲೆ. ಮರದೊಳಗೆ ಏನೋ ಬಿಟ್ಟಿದೆ ಎಂದು ಕೇಳಿದ ಮೇಲೆ ಅವನಿಗೆ ಅನ್ನ ಇಳಿಯುವುದಿಲ್ಲ. ಕನ್ನಡಿಯ ಚೂರು, ಟಾರ್ಚು ಹಿಡಿದು ಇಬ್ಬರೂ ಬಾಲಲೈಕಾದ ಪುಟ್ಟ ತೂತಿನೊಳಗೆ ಒಂದು ಗಂಟೆ ಇಣುಕಿದರು. ನಾನು ತಂದ ಸೂಪು ಆರಿಹೋಯಿತು. ಅಡ್ಡಪಟ್ಟಿ ನಿಜಕ್ಕೂ ಬಿಟ್ಟಿತ್ತು. ಬೆನ್ನಿನ ಒಂದು ಪಟ್ಟಿ ಬಿಡಿಸಿ ಅಂಟಿಸುವಾಗ ಒಳಗಿನ ಅಳತೆಯನ್ನೆಲ್ಲ ಅವನು ಹಲಗೆಯ ಮೇಲೆ ಗೀಚಿಕೊಂಡ.

"ಅಳತೆ ಯಾಕೆ?" ಎಂದೆ ನಾನು, ಏನೂ ಗೊತ್ತಿಲ್ಲದವಳ ಹಾಗೆ.

"ಸುಮ್ನೆ. ಚಿಕ್ಕಪ್ಪನಿಗೆ ಇನ್ನೊಂದು ಇರಲಿ ಅಂತ. ಅವನು ಅದನ್ನ ಯಾರಿಗೆ ಕೊಡ್ತಾನೋ ಅದು ನಂಗೆ ಸಂಬಂಧ ಇಲ್ಲ."

ಮೊದಲನೆಯದು ಸೌದೆ ಬಡಿದ ಹಾಗೆ ಸದ್ದು ಮಾಡಿತು, ಒಲೆಗೆ ಹೋಯಿತು. ದೋಣಿಯವನ ಕೈ, ಎಲ್ಲ ದಪ್ಪ. "ಇದು ನದೀಲಿ ಮುಳುಗಲ್ಲ ಅಷ್ಟೆ" ಎಂದ ಚಿಕ್ಕಪ್ಪ. ಎರಡನೆಯದಕ್ಕೆ ಬೆನ್ನಿಗೆ ಸೀಡರ್ ಮರ. ಎದೆಯ ತೆಳು ಹಲಗೆಗೆ ಎಲ್ಲಿಯ ಮರವೂ ಸರಿಹೋಗದೆ, ಕೊನೆಗೆ ಸೈನಿಕರಿಗೆ ಎತ್ತಲಾಗದೆ ಸಂಘದ ಮನೆಯಲ್ಲೇ ಉಳಿದಿದ್ದ ಸತ್ತ ಪಿಯಾನೊದ ಒಳಹಲಗೆಯನ್ನೇ ಕತ್ತರಿಸಿದ. ನಾಲ್ಕು ತಿಂಗಳು ಹಿಡಿಯಿತು. ಜೂನ್ ಕೊನೆಗೆ ತಂತಿ ಕಟ್ಟಿದರು. ಚಿಕ್ಕಪ್ಪ ಮೀಟಿ ನೋಡಿ, ತಲೆ ಓರೆ ಮಾಡಿ, ಮತ್ತೆ ಮೀಟಿ ನೋಡಿ, ಅದನ್ನು ಮಾಬೆಲ್ ಕೈಗಿಟ್ಟ. ವಾಷಿಂಗ್ಟನ್ ತನಗೂ ಅದಕ್ಕೂ ಸಂಬಂಧವಿಲ್ಲ ಎಂಬಂತೆ ಕೈ ಒರೆಸಿಕೊಳ್ಳುತ್ತಾ ನಿಂತ. ಅವಳು ಮೊದಲು ಐದನೆಯ ಮನೆ ಒತ್ತಿ ನುಡಿಸಿದಳು.

"ಝುಂಯ್ ಅನ್ನಲ್ಲ!"

"ಅನ್ನಕೂಡದು," ಎಂದ ವಾಷಿಂಗ್ಟನ್, ಕಿವಿ ಕೆಂಪಗೆ ಮಾಡಿಕೊಂಡು.

ಜುಲೈ ಇಪ್ಪತ್ತೇಳು ನಮ್ಮ ಊರು ಹುಟ್ಟಿದ ದಿನ. ಇಲ್ಲಿ ಜುಲೈ ಎಂದರೆ ಚಳಿಗಾಲ. ಚಳಿ ಬಿಸಿಲು, ಮೈದಾನದ ತುಂಬ ಮಾಂಸ ಸುಡುವ ಹೊಗೆ, ಸಂಘದ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಹತ್ತು ಹುಡುಗಿಯರು ಸಾಲಾಗಿ ಬಂದರು. ಗೋಡೆಯ ಬದಿಗೆ ಎರಡು ಕುರ್ಚಿ. ಒಂದರಲ್ಲಿ ಚಿಕ್ಕಪ್ಪ, ಇನ್ನೊಂದರಲ್ಲಿ ನಾನು ಹೊಲಿದ ಕೆಂಪು ಲಂಗ ಹಾಕಿದ ಮಾಬೆಲ್. ಕುಣಿತ ಬಿಸಿಯೇರುತ್ತಿದ್ದಂತೆ ಮೂರನೆಯ ಹುಡುಗಿಯ ಜಡೆಯ ಪಟ್ಟಿ ಬಿಚ್ಚಿ ಕಾಲಿಗೆ ಸಿಕ್ಕಿ ಅವಳು ಎಡವಿದಳು. ಮಾಬೆಲ್ ಅದನ್ನು ಚಿಕ್ಕಪ್ಪನಿಗಿಂತ ಮೊದಲು ಕಂಡಳು. ಎರಡು ಏಟು ನಿಧಾನ ಮಾಡಿ ಅವಳು ಸಾವರಿಸಿಕೊಳ್ಳುವವರೆಗೆ ಕಾದಳು. ಚಿಕ್ಕಪ್ಪ ಅವಳನ್ನು ಅನುಸರಿಸಿದ. ಅವನ ಮುಖ ನೋಡಬೇಕಿತ್ತು ಆಗ.

ಬೆಂತಾಂಕುರ್ ಬಾಗಿಲ ಹೊರಗೆ, ಜನ ಚಪ್ಪಲಿ ಒರೆಸುವ ಚಾಪೆಯಾಚೆ ನಿಂತಿದ್ದ. ನಿಲ್ದಾಣದಿಂದ ಅಲ್ಲಿಯವರೆಗೆ ಬರಲು ಅವನಿಗೆ ಐದು ತಿಂಗಳು ಬೇಕಾಯಿತು. ವಾಷಿಂಗ್ಟನ್ ಸುಟ್ಟ ಮಾಂಸದ ತಟ್ಟೆ ಹಿಡಿದು ಅವನ ಮುಂದೆ ಹೋಗಿ ನಿಂತ.

"ತಗೋ. ಆರಿ ಹೋಗತ್ತೆ," ಎಂದ ವಾಷಿಂಗ್ಟನ್. ತಟ್ಟೆ ಕೊಟ್ಟವನು ಅಲ್ಲಿಂದ ತಕ್ಷಣ ಸರಿಯಲಿಲ್ಲ. ಹಾಡು ಮುಗಿಯುವವರೆಗೆ ಇಬ್ಬರೂ ಹೆಗಲಿಗೆ ಹೆಗಲು ತಾಗದಷ್ಟು ದೂರದಲ್ಲಿ ನಿಂತು ಕೇಳಿದರು.

ಊಟದ ಹೊತ್ತಿಗೆ ಚಿಕ್ಕಪ್ಪ ಮೇಜಿಗೆ ಬಂದು ಕೂತ. ಕೆನ್ನೆ ಕೆಂಪಗಾಗಿತ್ತು.

"ಎಲ್ಲಾ ಸರಿ, ಆದ್ರೆ ಕೆಳಗಿನ ದನಿ ಇಲ್ಲ," ಎಂದ. "ಸಣ್ಣವೆರಡೇ ಕೂಗಿದ್ರೆ ಮರಿಕೋಳಿ ಹಾಗೆ. ಮಂದ್ರದ್ದು ಒಂದು ಬೇಕು. ದೊಡ್ಡ ಬಾಲಲೈಕಾ."

"ಅದನ್ನೆಲ್ಲಿ ಹುಡುಕೋದು?" ಎಂದೆ ನಾನು, ರೇಡಿಯೊದವನ ಮುಖ ನೆನೆಸಿಕೊಂಡು.

"ಎಷ್ಟು ದೊಡ್ಡದು?" ಎಂದ ವಾಷಿಂಗ್ಟನ್.

"ನಿಂತ್ಕೊಂಡು ನುಡಿಸ್ತಾರೆ. ನಿನ್ನ ಚಿಕ್ಕ ದೋಣಿ ಇದ್ಯಲ್ಲ, ಹೆಚ್ಚುಕಡಿಮೆ ಅಷ್ಟು."

ವಾಷಿಂಗ್ಟನ್ ಬಾಯೊಳಗಿನದನ್ನು ನುಂಗಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮೇಜಿನ ಕಾಗದದ ಮೇಲೆ ಮೂರು ಗೆರೆ ಎಳೆದ. ಮಾಬೆಲ್ ಪಕ್ಕದಿಂದ ಬಗ್ಗಿ ನೋಡಿ, "ಮೇಲಿನ ಮೂಲೆ ಇನ್ನೂ ಚೂಪಿರಬೇಕು" ಎಂದಳು.